ಬ್ಯಾಟ್ ಬುಟ್ಟಿಗೆ, ಆಮೇಲೆ ಓಟ

ಉಡುಪಿ, 14 ಡಿಸೆಂಬರ್ 2024, ಶನಿವಾರ

ಇವತ್ತು ನಮ್ಮ ಬಾಲವಾಡಿಯ ಟೀ ಬಾಲ್ ಆಟದಲ್ಲಿ 11 ಮಕ್ಕಳಲ್ಲಿ 9 ಮಂದಿ ಚೆಂಡು ಹೊಡೆದರು, ಬ್ಯಾಟನ್ನು ಬುಟ್ಟಿಗೆ ಹಾಕಿದರು, ಆಮೇಲೆ ಓಡಿದರು. ಇದೇ ಕ್ರಮದಲ್ಲಿ! ಮೂರು ವಾರದಿಂದ ಕಾಯುತ್ತಿದ್ದೆ. ಖುಷಿ ತಡೆಯಲಾಗದೆ ಬರೆಯಲು ಕೂತಿದ್ದೇನೆ.

ಟೀ ಬಾಲ್ ಅಂದರೆ ಬೇಸ್‌ಬಾಲ್‌ನ ಮರಿ ಆಟ. ಇದರಲ್ಲಿ ಬ್ಯಾಟ್ ಹಿಡಿದವರಿಗೆ ಚೆಂಡು ಎಸೆಯುವವರು ಇಲ್ಲ. ಮಗುವಿನ ಸೊಂಟದೆತ್ತರದ ಒಂದು ಕೋಲಿನ ಮೇಲೆ ಚೆಂಡು ಸುಮ್ನೆ ಕೂತಿರುತ್ತದೆ. ಆ ಕೋಲೇ ಟೀ. ಹಾರಿ ಬರುವ ಚೆಂಡನ್ನು ನೋಡಿ, ಸರಿಯಾದ ಹೊತ್ತಿಗೆ ಕೈ ಬೀಸುವುದು ನಾಲ್ಕು ವರ್ಷದವರಿಗೆ ತುಂಬಾ ಕಷ್ಟ. ಎರಡು ಸಲ ತಪ್ಪಿದರೆ ಬ್ಯಾಟ್ ಬಿಸಾಡಿ ಅಮ್ಮನ ಹತ್ತಿರ ಹೋಗುತ್ತಾರೆ. ಇಲ್ಲಿ ಚೆಂಡೇ ಅವರಿಗಾಗಿ ಕಾಯುತ್ತದೆ. ನನಗೆ ಈ ಆಟ ಇಷ್ಟವಾಗಿದ್ದೇ ಅದಕ್ಕೆ.

ನಮ್ಮ ಬಾಲವಾಡಿಯಲ್ಲಿ ಟೀ ಎಲ್ಲಿಂದ ಬರಬೇಕು? ರಸ್ತೆಯಲ್ಲಿ ಇಡುವ ಕಿತ್ತಳೆ ಬಣ್ಣದ ಕೋನ್ ಇದೆಯಲ್ಲ, ಅದರ ಸಣ್ಣದು ಒಂದು ತಂದೆ. ಅದರ ತುದಿಯ ತೂತಿನಲ್ಲಿ ಟೆನಿಸ್ ಚೆಂಡು ಚೆನ್ನಾಗಿ ಕೂರುತ್ತದೆ. ಎತ್ತರ ಸಾಲದಿದ್ದರೆ ಕೆಳಗೆ ಒಂದು ಮಣೆ. ಮಕ್ಕಳು ಕೋನ್‌ಗೆ ‘ಟೋಪಿ’ ಅಂತ ಹೆಸರಿಟ್ಟಿದ್ದಾರೆ. ಬೇಸ್ ಅಂದರೆ ಓಡುವಾಗ ಮುಟ್ಟಬೇಕಾದ ಗುರುತು. ಹೊಡೆದವರು ಒಂದೊಂದನ್ನೇ ಮುಟ್ಟುತ್ತಾ ಸುತ್ತು ಹಾಕಿ ಹೊರಟಲ್ಲಿಗೆ, ಅಂದರೆ ‘ಮನೆ’ಗೆ, ಬರಬೇಕು. ನಮ್ಮ ಬೇಸ್‌ಗಳಿಗೆ ಅಡಿಕೆ ಹಾಳೆ. ದೊಡ್ಡವರ ಬೇಸ್‌ಬಾಲ್‌ನಲ್ಲಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ನಮ್ಮ ಅಂಗಳದಲ್ಲಿ 20 ಅಡಿಯೂ ಸಿಗುವುದಿಲ್ಲ, ಇವರಿಗೆ ಅಷ್ಟೇ ಸಾಕು.

ಮೊದಲ ದಿನ ನಾನೇ ತಪ್ಪು ಮಾಡಿದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ, ಬ್ಯಾಟ್ ಒಂದೇ. ಸಾಲಿನಲ್ಲಿ ನಿಂತು ಬೇಸರವಾದ ಒಬ್ಬ ಮುಂದೆ ಬಂದ, ಬೀಸಿದ ಬ್ಯಾಟ್ ಅವನ ಹಣೆಗೆ ತಾಗಿತು. ಪ್ಲಾಸ್ಟಿಕ್ ಬ್ಯಾಟ್ ಆದ್ದರಿಂದ ಸಣ್ಣ ಬುಗುಟು ಅಷ್ಟೇ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನವೇ ಟೋಪಿಯ ಸುತ್ತ ಸುಣ್ಣದಲ್ಲಿ ದೊಡ್ಡ ವೃತ್ತ ಎಳೆದೆ. ಒಳಗೆ ಒಬ್ಬರೇ. ಬ್ಯಾಟ್ ವೃತ್ತದಿಂದ ಹೊರಗೆ ಬರುವ ಹಾಗಿಲ್ಲ. ಉಳಿದವರಿಗೆ ಬೇರೆ ಕಡೆ ಬೇರೆ ಆಟ.

ಆ ಬೇರೆ ಆಟಗಳಲ್ಲಿ ಎಲ್ಲರಿಗೂ ಪ್ರೀತಿ ‘ಬುಟ್ಟಿಗೆ ಬಂಗುಡೆ’. ನಾನು ಚೆಂಡು ಉರುಳಿಸುತ್ತೇನೆ. ಅದು ಬಂಗುಡೆ ಮೀನು. ಮಂಡಿ ಬಗ್ಗಿಸಿ, ಎರಡೂ ಕೈಯಲ್ಲಿ ಬಾಚಿ, ಬುಟ್ಟಿಗೆ ಹಾಕಬೇಕು. ಒಂದೇ ಕೈಯಲ್ಲಿ ಹಿಡಿದರೆ ಮೀನು ಜಾರಿ ಹೋಗುತ್ತದೆ! ಹಾರಿ ಬರುವ ಚೆಂಡಿಗೆ ಮುಖ ತಿರುಗಿಸುವ ಮಕ್ಕಳೂ ಇದಕ್ಕೆ ಹೆದರುವುದಿಲ್ಲ. ಹಿಡಿದ ಚೆಂಡನ್ನು ಎಸೆಯುವುದು ಕಲಿಸುವುದಕ್ಕೆ ಎಡಗಾಲಿನ ಮೇಲೆ ಒಂದು ಸ್ಟಿಕ್ಕರ್. ಬಲಗೈಯಲ್ಲಿ ಎಸೆಯುವವರು ಸ್ಟಿಕ್ಕರ್ ಕಾಲು ಮುಂದಿಡಬೇಕು. ಹೇಳದಿದ್ದರೆ ಬಲಗೈ, ಬಲಗಾಲು ಎರಡೂ ಒಟ್ಟಿಗೆ ಮುಂದೆ ಹೋಗುತ್ತವೆ.

ನಿಜವಾದ ಕಷ್ಟ ಕ್ರಿಕೆಟ್‌ನಿಂದ ಬಂತು. ಇವರೆಲ್ಲ ಅಣ್ಣಂದಿರ ಜೊತೆ ಗದ್ದೆಯಲ್ಲಿ ತೆಂಗಿನ ಮಡಲಿನ ಬ್ಯಾಟ್ ಹಿಡಿದವರು. ಹೊಡೆದ ಕೂಡಲೇ ಬ್ಯಾಟ್ ಸಮೇತ ಓಡುತ್ತಾರೆ. ಮೊದಲ ಬೇಸ್ ಮುಟ್ಟಿ, ತಿರುಗಿ, ಅದೇ ದಾರಿಯಲ್ಲಿ ವಾಪಸ್! ಎರಡು ರನ್ ಆಯ್ತು ಅಂತ ಕೂಗಿ ಬೇರೆ ಹೇಳುತ್ತಾರೆ. ಅವರಿಗೆ ಅದೇ ಸರಿ, ಅಲ್ವಾ? ಬ್ಯಾಟಿಗೆ ಮೊದಲ ಬೇಸ್ ಕಡೆಯ ಗೆರೆಯ ಪಕ್ಕದಲ್ಲೇ ಬುಟ್ಟಿ ಇಟ್ಟೆ. ಓಟಕ್ಕೆ ಕಂಬದಾಟ ನೆನಪಾಯಿತು. ಅಜ್ಜಿ ಮನೆಯ ಚಾವಡಿಯಲ್ಲಿ ನಾಲ್ಕು ಕಂಬ ಹಿಡಿದು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಓಡುತ್ತಿದ್ದೆವು. ಹಾಳೆಗಳೇ ಕಂಬ ಅಂದೆ. ಮೊದಲು ಚೆಂಡಿಲ್ಲದೆ, ಬ್ಯಾಟಿಲ್ಲದೆ, ಕಂಬದಿಂದ ಕಂಬಕ್ಕೆ ಸುತ್ತು ಹಾಕಿಸಿದೆ. ಎಡಕ್ಕೆ, ಎಡಕ್ಕೆ, ಎಡಕ್ಕೆ, ಮತ್ತೆ ಮನೆ. ಎರಡೇ ದಿನದಲ್ಲಿ ವಾಪಸ್ ಓಡುವುದು ನಿಂತಿತು. ಈಗ ಹೊರಗೆ ನಿಂತವರೆಲ್ಲ ‘ಬಲಿಪು, ಬಲಿಪು’ (ಓಡು, ಓಡು) ಅಂತ ತುಳುವಿನಲ್ಲಿ ಕೂಗುತ್ತಾರೆ.

ಒಂದು ಪುಟ್ಟ ಹುಡುಗಿ ಮಾತ್ರ ಇನ್ನೂ ಬ್ಯಾಟ್ ಮುಟ್ಟಿಲ್ಲ. ಎಲ್ಲರಿಗೂ ಟೋಪಿಯ ಮೇಲೆ ಚೆಂಡು ಇಟ್ಟು, ವೃತ್ತದ ಹೊರಗೆ ಬಂದು ನಿಲ್ಲುವುದು ಅವಳ ಕೆಲಸ. ಇವತ್ತೂ ಕೇಳಿದೆ, ತಲೆ ಅಲ್ಲಾಡಿಸಿದಳು. ಸುಮ್ಮನಾದೆ. ಸ್ವಲ್ಪ ಹೊತ್ತಾದ ಮೇಲೆ ಎಲ್ಲರಿಗಿಂತ ಚಿಕ್ಕ ಹುಡುಗನ ಸರದಿ ಬಂತು. ಅವಳು ಚೆಂಡು ಇಡಲಿಲ್ಲ. ಅವನ ಹೊಟ್ಟೆ ನೋಡಿದಳು, ಟೋಪಿ ನೋಡಿದಳು. ಆಮೇಲೆ ಟೋಪಿ ಎತ್ತಿ ಬದಿಗಿಟ್ಟು, ಮಣೆಯನ್ನು ಎರಡೂ ಕೈಯಲ್ಲಿ ಎಳೆದು ತೆಗೆದಳು. ‘ಇವನಿಗೆ ಜಾಸ್ತಿ ಆಯ್ತು ಟೀಚರ್’ ಅಂದಳು.

ಎತ್ತರದ ಬಗ್ಗೆ ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಸೋಮವಾರಕ್ಕೆ ಇನ್ನೊಂದು ಟೋಪಿ ಬೇಕು. ಅದನ್ನು ಎಲ್ಲಿ ಇಡಬೇಕು ಅಂತ ಅವಳನ್ನೇ ಕೇಳುತ್ತೇನೆ.