ಆ ರಾತ್ರಿ ನನ್ನ ಕೋಷ್ಟಕದಲ್ಲಿ 545 ಸೀಟು

2009ರ ಮೇ 17. ಮಧ್ಯಾಹ್ನದ ಡ್ಯೂಟಿಗೆ ಬಂದು ಇನ್ನೂ ಬ್ಯಾಗ್ ಇಟ್ಟಿರಲಿಲ್ಲ, ಡೆಸ್ಕ್ ಫೋನ್ ಹೊಡೆದುಕೊಂಡಿತು. ಮಧುಗಿರಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. "ನಿಮ್ಮ ಮುಖಪುಟದ ಪಟ್ಟಿ ಕೂಡಿ ನೋಡಿದೆ ಕಣಪ್ಪಾ. 545 ಬರ್ತದೆ. ಚುನಾವಣೆ ನಡೆದದ್ದು 543ಕ್ಕೆ ಅಲ್ವಾ?"

ಆ ಪಟ್ಟಿ ಮಾಡಿದವನು ನಾನು. ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದೆ. ಲೋಕಸಭೆ ಫಲಿತಾಂಶದ ಕೋಷ್ಟಕ ನನ್ನ ಪಾಲಿಗೆ ಬಂದಿತ್ತು. ಆ ಎರಡು ಸೀಟು ಎಲ್ಲಿಂದ ಬಂದವು ಅನ್ನುವುದನ್ನು ಹೇಳಬೇಕಾದರೆ ಎರಡು ತಿಂಗಳು ಹಿಂದೆ ಹೋಗಬೇಕು.

ಮಾರ್ಚ್ 12ರಂದು ದಾಬಸ್‌ಪೇಟೆಯಲ್ಲಿ ತೃತೀಯ ರಂಗದ ಸಮಾವೇಶ ನಡೆಯಿತು. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಊರು, ಶಿವಗಂಗೆ ಬೆಟ್ಟದ ಹತ್ತಿರ. ದೇವೇಗೌಡರು ಕರೆದಿದ್ದರು. ಸಿಪಿಎಂನ ಪ್ರಕಾಶ್ ಕಾರಟ್, ಸಿಪಿಐನ ಎ.ಬಿ. ಬರ್ಧನ್, ಟಿಡಿಪಿಯ ಚಂದ್ರಬಾಬು ನಾಯ್ಡು ವೇದಿಕೆಯಲ್ಲಿದ್ದರು. ಬಿಎಸ್‌ಪಿಯ ಮಾಯಾವತಿ, ಅಣ್ಣಾ ಡಿಎಂಕೆಯ ಜಯಲಲಿತಾ ಬರಲಿಲ್ಲ, ಪ್ರತಿನಿಧಿಗಳನ್ನು ಕಳಿಸಿದ್ದರು. ಅಮೆರಿಕದ ಜೊತೆಗಿನ ಅಣು ಒಪ್ಪಂದದ ಜಗಳದಲ್ಲಿ ಎಡಪಕ್ಷಗಳು 2008ರ ಜುಲೈನಲ್ಲಿ ಕಾಂಗ್ರೆಸ್ ನೇತೃತ್ವದ ಯುಪಿಎಗೆ ಕೊಟ್ಟಿದ್ದ ಬೆಂಬಲ ವಾಪಸ್ ಪಡೆದಿದ್ದವು. ಕಾಂಗ್ರೆಸ್ಸೂ ಬೇಡ, ಬಿಜೆಪಿಯೂ ಬೇಡ ಅನ್ನುವವರನ್ನೆಲ್ಲ ಒಂದು ಕಡೆ ತರುವ ಪ್ರಯತ್ನ ಅಲ್ಲಿಂದ ಚುರುಕಾಯಿತು. ಪ್ರಧಾನಿ ಯಾರು ಎಂದು ಕೇಳಿದರೆ, ಫಲಿತಾಂಶ ಬಂದಮೇಲೆ ತೀರ್ಮಾನ ಎಂಬ ಉತ್ತರ ಸಿಗುತ್ತಿತ್ತು.

ನಮ್ಮ ಪುಟಕ್ಕೆ ಬಂದದ್ದು ನಾಯಕರೆಲ್ಲ ಸಾಲಾಗಿ ನಿಂತ ಫೋಟೋ. ಏಪ್ರಿಲ್ ಮೊದಲ ವಾರ ಕೋಷ್ಟಕದ ಅಚ್ಚು, ಅಂದರೆ ಸೀಟು ತುಂಬದ ಖಾಲಿ ನಮೂನೆ, ಸಿದ್ಧ ಮಾಡುವಾಗ ನನ್ನ ತಲೆಯಲ್ಲಿದ್ದದ್ದು ಆ ಫೋಟೋನೇ. ಯುಪಿಎಗೆ ಒಂದು ಬಣ್ಣ, ಬಿಜೆಪಿ ನೇತೃತ್ವದ ಎನ್‌ಡಿಎಗೆ ಒಂದು, ತೃತೀಯ ರಂಗಕ್ಕೆ ಒಂದು. ಅಷ್ಟರಲ್ಲಿ ಮುಲಾಯಂ ಸಿಂಗ್, ಲಾಲು ಪ್ರಸಾದ್, ಪಾಸ್ವಾನ್ ಸೇರಿ ಇನ್ನೊಂದು ಕೂಟ ಕಟ್ಟಿದ್ದರು. ಬಿಹಾರದ 40 ಸೀಟಲ್ಲಿ ಕಾಂಗ್ರೆಸ್ಸಿಗೆ ಬರೀ ಮೂರು ಕೊಡುತ್ತೇವೆ ಎಂದು ಲಾಲು, ಪಾಸ್ವಾನ್ ಹಠ ಹಿಡಿದಿದ್ದರಿಂದ ಆದ ಬಿರುಕು ಅದು. ಅದಕ್ಕೆ ನಾಲ್ಕನೇ ಬಣ್ಣ ಕೊಟ್ಟೆ. ಉಳಿದವರಿಗೆ ಬೂದು. ಪ್ರತಿ ಪಕ್ಷದ ಹೆಸರನ್ನೂ ಒಂದೊಂದು ಬಣ್ಣದ ಕೆಳಗೆ ಕೂರಿಸಿ, ಕೆಲಸ ಮುಗಿಯಿತು ಅಂದುಕೊಂಡೆ.

ಆದರೆ ರಂಗ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ ಇತ್ತು. ಆಂಧ್ರದಲ್ಲಿ ಟಿಡಿಪಿ, ಪ್ರತ್ಯೇಕ ತೆಲಂಗಾಣ ಕೇಳುತ್ತಿದ್ದ ಟಿಆರ್‌ಎಸ್, ಎಡಪಕ್ಷಗಳು ಸೀಟು ಹಂಚಿಕೊಂಡಿದ್ದವು. ತಮಿಳುನಾಡಿನಲ್ಲಿ ಅಣ್ಣಾ ಡಿಎಂಕೆ ಜೊತೆ ಎಡಪಕ್ಷಗಳಿದ್ದವು. ಬಿಎಸ್‌ಪಿ ದೇಶದ ಉದ್ದಗಲಕ್ಕೂ ಒಂಟಿಯಾಗಿಯೇ ಸ್ಪರ್ಧಿಸಿತು. ಕೇರಳದ ಕತೆ ನೋಡಿದರೆ ಈಗಲೂ ಬೇಜಾರಾಗುತ್ತದೆ. ದಾಬಸ್‌ಪೇಟೆಯಲ್ಲಿ ಜೆಡಿಎಸ್ಸೂ ಸಿಪಿಎಮ್ಮೂ ಒಂದೇ ವೇದಿಕೆ ಮೇಲಿದ್ದ ಅದೇ ತಿಂಗಳು, ಕೋಳಿಕ್ಕೋಡ್ ಸೀಟನ್ನು ಸಿಪಿಎಂ ಬಿಟ್ಟುಕೊಡಲಿಲ್ಲ ಎಂದು ಅಲ್ಲಿನ ಜೆಡಿಎಸ್ ಮುನಿಸಿಕೊಂಡಿತು. ಅವರ ಮಂತ್ರಿ ರಾಜೀನಾಮೆ ಕೊಟ್ಟರು. ಆ ಸೀಟನ್ನು ಕೊನೆಗೆ ಕಾಂಗ್ರೆಸ್ 838 ಮತಗಳಿಂದ ಗೆದ್ದುಕೊಂಡಿತು. ಈ ಸುದ್ದಿಗಳನ್ನೆಲ್ಲ ನಾನೇ ತಿದ್ದಿ ಪುಟಕ್ಕೆ ಹಾಕಿದ್ದೆ. ಕೋಷ್ಟಕಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ.

ಆಗ ಆಂಧ್ರದೊಳಗೇ ಇದ್ದ ತೆಲಂಗಾಣದಲ್ಲಿ ಏಪ್ರಿಲ್ 16ಕ್ಕೆ ಮತದಾನ ಮುಗಿಯಿತು. ಮೇ 10ರಂದು ಲುಧಿಯಾನದಲ್ಲಿ ಎನ್‌ಡಿಎ ಸಮಾವೇಶ. ಟಿಆರ್‌ಎಸ್‌ನ ಕೆ. ಚಂದ್ರಶೇಖರ ರಾವ್ ಆ ವೇದಿಕೆ ಹತ್ತಿದರು. ಜನ ಮತ ಹಾಕಿ 24 ದಿನ ಆಗಿತ್ತು, ಎಣಿಕೆಗೆ ಇನ್ನೂ 6 ದಿನ ಇತ್ತು. ಸುದ್ದಿ ನಮ್ಮಲ್ಲೂ ಬಂತು. ಕೋಷ್ಟಕದ ಅಚ್ಚನ್ನು ಯಾರೂ ತೆರೆಯಲಿಲ್ಲ. ತೆರೆಯಬೇಕಾಗಿದ್ದವನು ನಾನು.

ಮೇ 16ರ ರಾತ್ರಿ ಡೆಸ್ಕ್ ಅಂದರೆ ಸಂತೆ. ಎನ್‌ಡಿಎ ಮೊತ್ತ 159 ಎಂದು ಸುದ್ದಿಸಂಸ್ಥೆಯಿಂದ ಸಿದ್ಧವಾಗಿಯೇ ಬಂತು. ಅದರಲ್ಲಿ ಟಿಆರ್‌ಎಸ್‌ನ 2 ಸೇರಿತ್ತು. ಯುಪಿಎ 262. ಲಾಲು, ಮುಲಾಯಂ ಕೂಟ 27. ಇತರರು 16. ತೃತೀಯ ರಂಗವನ್ನು ಮಾತ್ರ ನನ್ನ ಅಚ್ಚಿನ ಪ್ರಕಾರ ಕೂಡಿದೆ. ಎಡಪಕ್ಷಗಳು 24, ಬಿಎಸ್‌ಪಿ 21, ಒಡಿಶಾದ ಬಿಜೆಡಿ 14, ಅಣ್ಣಾ ಡಿಎಂಕೆ 9, ಟಿಡಿಪಿ 6, ಜೆಡಿಎಸ್ 3, ಒಂದೊಂದು ಸೀಟಿನ ಎರಡು ಪಕ್ಷ. ಅಲ್ಲಿಗೆ 79. ಅದರ ಮೇಲೆ ಟಿಆರ್‌ಎಸ್ 2. ಒಟ್ಟು 81.

ಪುಟ ಬಿಡುವ ಮೊದಲು ಕೂಡಿ ನೋಡಿದೆ. ಇದು ಮುಖ್ಯ, ನಾನು ನೋಡದೇ ಬಿಟ್ಟದ್ದಲ್ಲ. 545 ಬಂತು. ಲೋಕಸಭೆ ಅಂದ ಕೂಡಲೇ ನಮಗೆಲ್ಲ ಬಾಯಿಗೆ ಬರುತ್ತಿದ್ದ ಸಂಖ್ಯೆಯೇ 545. ಆರಿಸಿ ಬರುವವರು 543, ನಾಮಕರಣವಾಗುತ್ತಿದ್ದ ಆಂಗ್ಲೋ ಇಂಡಿಯನ್ ಸದಸ್ಯರು 2. ಕಣ್ಣಿಗೆ ಪರಿಚಯದ ಸಂಖ್ಯೆ ಸಿಕ್ಕಿತು, ಮನಸ್ಸು ಸಮಾಧಾನ ಆಯಿತು, ಪುಟ ಹೋಯಿತು. 544 ಬಂದಿದ್ದರೆ ಖಂಡಿತ ಗಾಬರಿಯಾಗಿ ಹುಡುಕುತ್ತಿದ್ದೆ.

ಮೇಷ್ಟ್ರಿಗೆ ಕ್ಷಮೆ ಕೇಳಿ, ನಮ್ಮ ಸುದ್ದಿ ಸಂಪಾದಕರ ಹತ್ತಿರ ಹೋದೆ. ಅವರು ಬೈಯಲಿಲ್ಲ. "ಈ ಪಟ್ಟಿ ಯಾವತ್ತಿನದು?" ಎಂದರು. "ನಿನ್ನೆ ರಾತ್ರಿದು ಸರ್" ಎಂದೆ. "ಸೀಟು ನಿನ್ನೆದು. ಪಕ್ಷಗಳು ಯಾವತ್ತಿನವು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ತಿದ್ದುಪಡಿ ಹಾಕಿದೆವು.

ಆ ವಾರವೇ ರಂಗ ಪೂರ್ತಿ ಕರಗಿತು. ಹೊಸ ಸರ್ಕಾರ ಮೇ 22ರಂದು ಪ್ರಮಾಣ ವಚನ ಸ್ವೀಕರಿಸುವ ಮೊದಲೇ ಬಿಎಸ್‌ಪಿ, ಜೆಡಿಎಸ್ ಎರಡೂ ಮನಮೋಹನ್ ಸಿಂಗ್ ಅವರಿಗೆ ಬೆಂಬಲ ಘೋಷಿಸಿದವು. ಅಂದರೆ ನಾನು ತಿದ್ದಿ ಹಾಕಿದ 79 ಕೂಡ ನಾಲ್ಕು ದಿನ ನಿಲ್ಲಲಿಲ್ಲ.

ಅವತ್ತಿನಿಂದ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಪಕ್ಷ, ರಾಜ್ಯ, ಅಲ್ಲಿ ಯಾರ ಜೊತೆ, ಯಾವ ಸೀಟಿನಲ್ಲಿ ಯಾರ ಎದುರು, ಕೊನೆಯ ಕಾಲಮ್ಮಿನಲ್ಲಿ ತಾರೀಕು. ಒಂದು ಪಕ್ಷಕ್ಕೆ ಒಂದೇ ಸಾಲು ಎಂದೂ ಬರೆಯುವುದಿಲ್ಲ, ರಾಜ್ಯಕ್ಕೊಂದು ಸಾಲು. ಬೆಂಬಲ ಕೊಟ್ಟವರು ಬೇರೆ, ಸೀಟು ಹಂಚಿಕೊಂಡವರು ಬೇರೆ, ಅವೆರಡನ್ನೂ ಒಂದೇ ಬಣ್ಣದಲ್ಲಿ ಹಾಕುವುದಿಲ್ಲ. ಮತದಾರ ಯಾವ ಹೊಂದಾಣಿಕೆ ನೋಡಿ ಮತ ಹಾಕಿದ ಅನ್ನುವುದು ಪಟ್ಟಿಯಿಂದ ಗೊತ್ತಾಗಬೇಕು. ಟಿಆರ್‌ಎಸ್‌ನ ಆ 2 ಸೀಟು ಬಂದದ್ದು ಟಿಡಿಪಿ, ಎಡಪಕ್ಷಗಳ ಜೊತೆಗಿನ ಹೊಂದಾಣಿಕೆಯಲ್ಲಿ. ಎಣಿಕೆಯಾದದ್ದು ಎನ್‌ಡಿಎ ಲೆಕ್ಕದಲ್ಲಿ. ಇದನ್ನು ಓದುಗನಿಗೆ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು, ನನ್ನ ಮಟ್ಟಿಗೆ ತಪ್ಪು ಕೂಡುವಿಕೆಗಿಂತ ದೊಡ್ಡ ಲೋಪ ಅದೇ.

2023ರ ಜುಲೈ 18ರಂದು ಬೆಂಗಳೂರಿನಲ್ಲಿ ಬಿಜೆಪಿ ವಿರೋಧಿ 26 ಪಕ್ಷಗಳು ಸೇರಿ ಇಂಡಿಯಾ ಎಂದು ಹೆಸರಿಟ್ಟುಕೊಂಡವು. ಮತ್ತೆ ಅಂಥದೇ ಫೋಟೋ ಬಂತು. ಡೆಸ್ಕಿನ ಹೊಸ ಹುಡುಗಿ ಒಂದೇ ಬಣ್ಣ ತುಂಬಲು ಶುರು ಮಾಡಿದ್ದಳು. ನೋಟ್‌ಬುಕ್ ಅವಳ ಮುಂದಿಟ್ಟೆ. ಕೇರಳದ ಸಾಲನ್ನು ಮೊದಲು ಬರಿ ಎಂದೆ. ಅಲ್ಲಿ ಕಾಂಗ್ರೆಸ್ಸೂ ಎಡಪಕ್ಷಗಳೂ ಎದುರಾಳಿಗಳು, 2024ರಲ್ಲಿ ವಯನಾಡಿನಲ್ಲಿ ರಾಹುಲ್ ಗಾಂಧಿ ಎದುರು ನಿಂತದ್ದು ಸಿಪಿಐನ ಆ್ಯನಿ ರಾಜಾ. ಜನವರಿಯಲ್ಲಿ ನಿತೀಶ್ ಕುಮಾರ್ ಎನ್‌ಡಿಎಗೆ ವಾಪಸ್ ಹೋದ ಸಂಜೆ, ನಾನು ಹೇಳುವ ಮೊದಲೇ ಅವಳು ಬಿಹಾರದ ಸಾಲು ತಿದ್ದಿದ್ದಳು. ಜೂನ್ 4ರ ರಾತ್ರಿ ಕೋಷ್ಟಕದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅವಳೇ ಒಂದು ಸಾಲು ಸೇರಿಸಿದಳು: ಪಕ್ಷಗಳ ನಿಲುವು ಜೂನ್ 3ರಂದು ಇದ್ದಂತೆ. ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ಕೂಡಿದೆವು. 543.