ಮಳೆ ಲೆಕ್ಕದ ಪುಸ್ತಕ

2023ರ ಜೂನ್ 13 ಮಂಗಳವಾರವೇ ಬಂದಿತ್ತು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರ ಹಬ್ಬ ಅವರದೇ ವಾರದಲ್ಲಿ ಬಿದ್ದಿದೆ ಎಂದು ಅಮ್ಮನಿಗೆ ಎಲ್ಲಿಲ್ಲದ ಭರವಸೆ. ಇಟಲಿಯ ಪಾದುವಾದಲ್ಲಿ ಅವರನ್ನು ಮಣ್ಣು ಮಾಡಿದ್ದು ಒಂದು ಮಂಗಳವಾರ, ಅದಕ್ಕೇ ಆ ವಾರ ಅವರದು. ಅಮ್ಮನಿಗೆ ಅವರಿಂದ ಆಗಬೇಕಾದ ಕೆಲಸವೊಂದಿತ್ತು: ಅಪ್ಪನ ಮಳೆ ಲೆಕ್ಕದ ಪುಸ್ತಕ ಕಾಣೆಯಾಗಿತ್ತು.

ತೀರ್ಥಹಳ್ಳಿ ಸೀಮೆಯ ನಮ್ಮ ಅಡಿಕೆ ತೋಟದಲ್ಲಿ ಅಪ್ಪ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟು ಬರೆದಿಡುತ್ತಿದ್ದರು. ಅಂಚಿನಲ್ಲಿ ಬೇರೆ ಸುದ್ದಿಯೂ ಇರುತ್ತಿತ್ತು. ಕೆಂಪಿ ಕರು ಹಾಕಿತು, ಹಳ್ಳದ ಸಂಕ ಕೊಚ್ಚಿಹೋಯಿತು, ಮಗಳಿಗೆ ಜ್ವರ. ಅವರು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಸಲ ಮೃಗಶಿರ ಹುಟ್ಟಿದರೂ ಮಳೆ ಹಿಡಿಯಲಿಲ್ಲ. ಹಿಂದೆ ಹೀಗೆ ತಡವಾದಾಗ ಅಡಿಕೆಯ ಕೊಳೆರೋಗಕ್ಕೆ ಮೊದಲ ಬೋರ್ಡೋ ದ್ರಾವಣ ಯಾವಾಗ ಹೊಡೆಸಿದ್ದರು ಎಂದು ನೋಡಲು ಹೋದರೆ ಪುಸ್ತಕವೇ ಇಲ್ಲ. ಅಟ್ಟ, ಪೆಟ್ಟಿಗೆ, ಅಡಿಕೆ ಮೂಟೆಯ ಸಂದಿ ಎಲ್ಲ ಜಾಲಾಡಿದೆವು. ಸಿಕ್ಕರೆ ಹದಿಮೂರು ಮನೆಗೆ ಬ್ರೆಡ್ ಹಂಚುತ್ತೇನೆಂದು ಅಮ್ಮ ಹರಕೆ ಹೊತ್ತರು. ಅಂತೋಣಿಯವರ ಹೆಸರಲ್ಲಿ ಬಡವರಿಗೆ ರೊಟ್ಟಿ ಕೊಡುವುದು ನಮ್ಮಲ್ಲಿ ಹಳೆಯ ರೂಢಿ.

ಹಬ್ಬದ ಪೂಜೆಯಲ್ಲಿ ಗುರುಗಳು ಗೊತ್ತಿದ್ದ ಕಥೆಯನ್ನೇ ಹೇಳಿದರು. ಅಂತೋಣಿಯವರ ಬಳಿ ಒಂದು ಕೀರ್ತನೆಗಳ ಪುಸ್ತಕವಿತ್ತು. ಪಾಠ ಹೇಳಲೆಂದು ಅದರಲ್ಲಿ ತಾವೇ ಟಿಪ್ಪಣಿ ಬರೆದುಕೊಂಡಿದ್ದರು. ಮಠ ಬಿಟ್ಟು ಹೊರಟ ಹೊಸ ಶಿಷ್ಯನೊಬ್ಬ ಅದನ್ನೂ ಎತ್ತಿಕೊಂಡು ಹೋದ. ಅಚ್ಚು ಇಲ್ಲದ ಕಾಲ, ಕೈಬರಹ ಹೋದರೆ ಹೋದ ಹಾಗೆಯೇ. ಅಂತೋಣಿಯವರು ಪ್ರಾರ್ಥಿಸಿದರು, ಶಿಷ್ಯನ ಮನಸ್ಸು ತಿರುಗಿತು, ಪುಸ್ತಕವೂ ಬಂತು, ಅವನೂ ಬಂದ. ಬೀಗದ ಕೈ, ಕಿವಿಯೋಲೆ ಹುಡುಕಿಕೊಡುವ ಸಂತರೆಂದೇ ನಾನು ಅವರನ್ನು ಬಲ್ಲೆ. ಅವರು ಕಳೆದುಕೊಂಡದ್ದು ಟಿಪ್ಪಣಿ ತುಂಬಿದ ಪುಸ್ತಕ ಎಂಬುದು ಅಂದು ಎದೆಗೆ ತಾಗಿತು. ಪ್ರತಿಮೆಯಲ್ಲೂ ಬಾಲಯೇಸು ಕೂತಿರುವುದು ಪುಸ್ತಕದ ಮೇಲೆಯೇ. ಅಮ್ಮ ಅದನ್ನೇ ನೋಡುತ್ತಿದ್ದರು.

ಲಿಸ್ಬನ್‌ನ ಈ ಹುಡುಗ 1231ರ ಜೂನ್ 13ರಂದು ತೀರಿಕೊಂಡಾಗ ಇನ್ನೂ ನಲವತ್ತಾಗಿರಲಿಲ್ಲ. ವರ್ಷ ತುಂಬುವ ಮೊದಲೇ, 1232ರ ಮೇ 30ರಂದು, ಪೋಪ್ ಒಂಬತ್ತನೆಯ ಗ್ರೆಗರಿ ಅವರನ್ನು ಸಂತರೆಂದು ಸಾರಿದರು. ಇದನ್ನು ಕೇಳುವಾಗ ಅಮ್ಮ ನನ್ನ ಕೈ ಹಿಡಿದುಕೊಂಡರು.

ಸಂಜೆ ಪಕ್ಕದ ತೋಟದ ಭಟ್ಟರು ಬಂದರು. ಪುಸ್ತಕದ ವಿಷಯ ಕೇಳಿ, "ಅಯ್ಯೋ ಅಕ್ಕಾ, ಮೊದಲೇ ಹೇಳಬಾರದಿತ್ತಾ? ಅಣ್ಣ ಮಳೆಗಾಲದಲ್ಲಿ ದಿನಾ ಫೋನ್ ಮಾಡಿ ಲೆಕ್ಕ ಹೇಳ್ತಿದ್ರಲ್ಲ. ನಮ್ಮದರ ಪಕ್ಕ ನಿಮ್ಮದೂ ಬರೆದಿಟ್ಟಿದೀನಿ" ಎಂದರು. ರಾತ್ರಿಯೇ ಮೂರು ನೋಟ್‌ಬುಕ್ ಕಳಿಸಿದರು. ಪುಟಪುಟದಲ್ಲೂ ಎರಡನೆಯ ಸಾಲಿನ ತಲೆಯ ಮೇಲೆ 'ಅಣ್ಣನ ತೋಟ' ಎಂದಿತ್ತು. 2019ರಲ್ಲೂ ಮುಂಗಾರು ತಡವಾಗಿದ್ದದ್ದು ಅಲ್ಲಿ ಸಿಕ್ಕಿತು. ಅಮ್ಮ ಬೆರಳಿಟ್ಟು ಒಂದೊಂದೇ ದಿನ ಓದಿದರು.

ಮರುದಿನ ಹದಿಮೂರು ಮನೆಗೂ ಬ್ರೆಡ್ ಹೋಯಿತು. ಪುಸ್ತಕ ಸಿಗಲಿಲ್ಲವಲ್ಲ ಎಂದು ನಾನು ಅಂದೆ. "ಸಿಕ್ಕಿತಲ್ಲ ಮಗಾ" ಎಂದರು ಅಮ್ಮ. ನಾನೂ ಹಾಗೆಯೇ ನಂಬಿದ್ದೇನೆ, ಅಪ್ಪನ ಅಕ್ಷರ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಮಂಗಳವಾರದ ಮೇಣದ ಬತ್ತಿಯೂ ನಿಂತಿಲ್ಲ.

ಅಮ್ಮ ಇನ್ನೂರು ಪುಟದ ಹೊಸ ಪುಸ್ತಕ ತರಿಸಿ ಲೆಕ್ಕವನ್ನೆಲ್ಲ ಇಳಿಸತೊಡಗಿದರು, ಅಂಚು ಅಗಲ ಬಿಟ್ಟು. ನಾನಿರುವ ಊರಿಗೆ ಮರಳಿದ ವಾರವೇ ಅಮ್ಮನ ಫೋನ್ ಬಂತು: "ಕೆಂಪಿ ಕರು ಹಾಕಿದ್ದು ನಿನ್ನ ಪರೀಕ್ಷೆಗೆ ಮುಂಚೆಯಾ, ಆಮೇಲಾ?"