ತೊಟ್ಟಿಯ ಇರುಳು

ಕೆಲಸ ಮುಗಿಸಿ ನಾನು ಮನೆ ಸೇರುವ ಹೊತ್ತಿಗೆ ಟೈಮರ್ ಮೀನುತೊಟ್ಟಿಯ ದೀಪವನ್ನು ಆರಿಸಿರುತ್ತಿತ್ತು. ದಿನಕ್ಕೆ 8 ಗಂಟೆಗಿಂತ ಹೆಚ್ಚು ಬೆಳಕು ಕೊಟ್ಟಾಗಲೆಲ್ಲ ಗಾಜಿಗೆ ಪಾಚಿ ಹಿಡಿಯುತ್ತಿದ್ದುದರಿಂದ ಆ ಅವಧಿಯನ್ನು ಹಿಗ್ಗಿಸುವಂತಿರಲಿಲ್ಲ. ಆಸೆಪಟ್ಟು ಸಾಕಿದ ಮೀನುಗಳನ್ನು ರಜೆಯ ದಿನ ಮಾತ್ರ ನೋಡಬೇಕಾದ ಸ್ಥಿತಿ ನನಗೆ ಬೇಸರ ತಂದಿತ್ತು. ಬೆಳದಿಂಗಳ ದೀಪವೆಂಬ ಹೆಸರಿನಲ್ಲಿ ಸಿಗುವ ನೀಲಿ ಎಲ್‌ಇಡಿ ಪಟ್ಟಿಯನ್ನು ತಂದು, ಮುಚ್ಚಳದ ಒಳಬದಿಗೆ ಉದ್ದಕ್ಕೂ ಅಂಟಿಸಿ, ರಾತ್ರಿಯಿಡೀ ಉರಿಯಲು ಬಿಟ್ಟೆ.

ಮೊದಲ ಎರಡು ರಾತ್ರಿ ನೋಟ ಸೊಗಸಾಗಿಯೇ ಇತ್ತು. ವಾರ ಕಳೆಯುವುದರೊಳಗೆ, ದೀಪ ಆರಿದ ಮೇಲೆ ಗಿಡಗಳ ಸಂದಿನಲ್ಲಿ ನಿಶ್ಚಲವಾಗಿ ನಿಲ್ಲುತ್ತಿದ್ದ ನಿಯಾನ್ ಟೆಟ್ರಾ ಮೀನುಗಳು ನಡುರಾತ್ರಿಯಲ್ಲೂ ಅತ್ತಿತ್ತ ಸುತ್ತುತ್ತಿರುವುದು ಕಂಡಿತು. ಇರುಳಿನಲ್ಲಿ ಹೊರಬರುವ ಕೂಲಿ ಲೋಚ್ ಎಂಬ ಮೀನುಗಳಂತೂ ಕಟ್ಟಿಗೆಯ ಅಡಿಯನ್ನು ಬಿಟ್ಟು ಕದಲಲೇ ಇಲ್ಲ. ಮೀನುಗಳಿಗೆ ಕಣ್ಣು ಮುಚ್ಚಲು ರೆಪ್ಪೆಗಳಿಲ್ಲ. ಅಷ್ಟೇ ಅಲ್ಲದೆ ಅವುಗಳ ತಲೆಯೊಳಗಿನ ಪೀನಿಯಲ್ ಗ್ರಂಥಿಯು ಬೆಳಕನ್ನು ತಾನೇ ಗ್ರಹಿಸುತ್ತದೆ, ಕತ್ತಲಾದಾಗ ಅದು ಸ್ರವಿಸುವ, ನಿದ್ರೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನು ಬೆಳಕಿದ್ದಾಗ ತಗ್ಗುತ್ತದೆ. ಬೆಳದಿಂಗಳೆಂದು ನಾನು ಕರೆದದ್ದು ಬೆಳದಿಂಗಳಾಗಿರಲಿಲ್ಲ. ಬೆಳಕಿನ ಪ್ರಖರತೆಯನ್ನು ಅಳೆಯುವ ಲಕ್ಸ್ ಮಾನದಲ್ಲಿ ಹುಣ್ಣಿಮೆಯ ಬೆಳಕು ಹೆಚ್ಚೆಂದರೆ ಸುಮಾರು 0.3, ಅದು ನೀಲಿಯೂ ಅಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಹಾಗೆ ತೋರುತ್ತದೆ, ಅಷ್ಟೆ.

ಪಟ್ಟಿಯನ್ನು ಕಿತ್ತ ರಾತ್ರಿ ಇನ್ನೊಂದು ತಪ್ಪು ಮಾಡಿದೆ. ಮೀನುಗಳೆಲ್ಲ ಹೇಗಿವೆ ಎಂದು ನೋಡುವ ಆತುರದಲ್ಲಿ ದೊಡ್ಡ ದೀಪವನ್ನು ಒಮ್ಮೆಲೇ ಹಾಕಿದಾಗ ಒಂದು ಟೆಟ್ರಾ ಬೆದರಿ ನೆಗೆದು ಗಾಜಿಗೆ ಅಪ್ಪಳಿಸಿತು. ಅದು ಬದುಕಿತು, ಆದರೆ ಆ ಸದ್ದು ನನ್ನನ್ನು ಬಹಳ ದಿನ ಕಾಡಿತು. ಹೆಚ್ಚಿನ ಮೀನುಗಳ ಕಣ್ಣಿನ ಪಾಪೆ ನಮ್ಮದರಂತೆ ಕಿರಿದಾಗುವುದಿಲ್ಲ. ಅವುಗಳ ಅಕ್ಷಿಪಟಲದೊಳಗೆ ದೃಷ್ಟಿಕೋಶಗಳೂ ವರ್ಣಕಣಗಳೂ ಜಾಗ ಬದಲಿಸಿಕೊಂಡು ಬೆಳಕಿಗೆ ಹೊಂದಿಕೊಳ್ಳಬೇಕಾಗುತ್ತದೆ, ಅದಕ್ಕೆ ಹಲವು ನಿಮಿಷಗಳೇ ಬೇಕಾಗುತ್ತವೆ. ಕೆಂಪು ಬೆಳಕು ಮೀನಿಗೆ ಕಾಣದೆಂಬ ಸಲಹೆಯನ್ನೂ ಕೇಳಿದ್ದೆ. ಗೋಲ್ಡ್‌ಫಿಶ್ ಸೇರಿದಂತೆ ಎಷ್ಟೋ ಸಿಹಿನೀರಿನ ಮೀನುಗಳು ಕೆಂಪನ್ನು ಚೆನ್ನಾಗಿಯೇ ಕಾಣುತ್ತವೆಯಾದ್ದರಿಂದ ಆ ದಾರಿಯನ್ನು ಹಿಡಿಯಲಿಲ್ಲ.

ಕೊನೆಗೆ ಒಂದೇ ಒಂದು ಸಣ್ಣ ಬಿಳಿ ಎಲ್‌ಇಡಿಯನ್ನು ತೊಟ್ಟಿಯ ಒಂದು ಮೂಲೆಯ ಮೇಲೆ, ತೇಲುವ ಗಿಡಗಳ ಮೂಲಕ ಬೆಳಕು ಸೋಸಿ ಇಳಿಯುವಂತೆ ಇಟ್ಟು, ಡಿಮ್ಮರನ್ನು ಅತಿ ಕಡಿಮೆಗೆ ತಿರುಗಿಸಿದೆ. ಉಳಿದ ಮುಕ್ಕಾಲು ಭಾಗ ಕತ್ತಲೆಯಲ್ಲೇ ಇತ್ತು. ಕೋಣೆಯ ದೀಪವನ್ನೂ ಆರಿಸಿದೆ, ಏಕೆಂದರೆ ಹೊರಗೆ ಬೆಳಕಿದ್ದರೆ ಗಾಜಿನಲ್ಲಿ ಕಾಣುವುದು ನಮ್ಮದೇ ಪ್ರತಿಬಿಂಬ. ಫೋನನ್ನು ಪಕ್ಕದ ಕೋಣೆಯಲ್ಲಿ ಬಿಟ್ಟು ಬಂದು ಕುಳಿತೆ.

ಮೊದಲ ಹತ್ತು ನಿಮಿಷ ಕಪ್ಪು ಗಾಜಿನ ಹೊರತು ಬೇರೇನೂ ಕಾಣದೆ, ಡಿಮ್ಮರನ್ನು ಸ್ವಲ್ಪ ಹೆಚ್ಚಿಸೋಣವೇ ಎಂದು ಎರಡು ಬಾರಿ ಕೈ ಚಾಚಿದೆ. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕೆಂಬುದು ನೆನಪಾಗಿ ಕೈಯನ್ನು ಹಿಂದಕ್ಕೆಳೆದುಕೊಂಡೆ. ನಿಧಾನವಾಗಿ ಮೊದಲು ಎಲೆಗಳ ಅಂಚು, ಆಮೇಲೆ ಮರಳಿನ ಏರುತಗ್ಗು, ಆಮೇಲೆ ಟೆಟ್ರಾಗಳ ಗುಂಪು ಕಾಣತೊಡಗಿತು. ಹಗಲಿನಲ್ಲಿ ಹೊಳೆಯುವ ಅವುಗಳ ನೀಲಿ-ಹಸಿರು ಗೆರೆ ಮಂಕಾಗಿತ್ತು. ಆ ಬಣ್ಣ ಹುಟ್ಟುವುದು ಚರ್ಮದ ಕೋಶಗಳಲ್ಲಿರುವ ಹರಳಿನ ತೆಳು ಪದರಗಳಿಂದ. ಕತ್ತಲಲ್ಲಿ ಆ ಪದರಗಳ ನಡುವಿನ ಅಂತರ ಬದಲಾಗಿ ಗೆರೆ ನೇರಳೆಯತ್ತ ವಾಲುತ್ತದೆ. ಅವು ಮಲಗಿದ್ದವು ಎಂಬುದೇ ನನಗೆ ದೊಡ್ಡ ಸಮಾಧಾನವಾಗಿತ್ತು.

ಸ್ವಲ್ಪ ಹೊತ್ತಿನ ಬಳಿಕ ಕಟ್ಟಿಗೆಯ ಅಡಿಯಿಂದ ಒಂದು ಕೂಲಿ ಲೋಚ್ ಮೂತಿ ಹೊರಹಾಕಿತು, ಅದರ ಬೆನ್ನಿಗೇ ಇನ್ನೆರಡು. ಮೀಸೆಗಳಿಂದ ತಡಕುತ್ತ, ಮರಳನ್ನು ಬಾಯಿಗೆಳೆದು ಕಿವಿರಿನಿಂದ ಹೊರಚೆಲ್ಲುತ್ತ, ಪಟ್ಟೆಪಟ್ಟೆಯ ಮೈಯನ್ನು ಬಳುಕಿಸುತ್ತ ಅವು ಬೆಳಕಿನ ಅಂಚಿನವರೆಗೆ ಬಂದು ಮತ್ತೆ ನೆರಳಿಗೆ ಹೊರಳಿಕೊಳ್ಳುತ್ತಿದ್ದವು. ತಂದ ದಿನದಿಂದ ಅವನ್ನು ಅಷ್ಟು ಹೊತ್ತು ನಾನು ನೋಡಿರಲಿಲ್ಲ.

ಈಗ ಆ ಸಣ್ಣ ದೀಪವನ್ನೂ ಟೈಮರಿಗೆ ಸೇರಿಸಿ, ದೊಡ್ಡ ದೀಪ ಆರಿದ ಬಹಳ ಹೊತ್ತಿನ ಮೇಲೆ ಒಂದೇ ಗಂಟೆ ಉರಿಯುವಂತೆ ಹೊಂದಿಸಿದ್ದೇನೆ. ತಳಕ್ಕಿಳಿಯುವ ಆಹಾರವನ್ನು ಆ ಹೊತ್ತಿಗೇ ಹಾಕುತ್ತೇನೆ. ಟೆಟ್ರಾಗಳು ನಿದ್ರೆಯಲ್ಲಿರುವುದರಿಂದ ಅದು ಲೋಚ್‌ಗಳ ಪಾಲಿಗೇ ಉಳಿಯುತ್ತದೆ.